ಹೊತ್ತಿಗೊಂದು ಊಟ, ಊರಿಗೊಂದು ಹೊತ್ತು

ನಮ್ಮ ಸೋದರಮಾವನಿಗೆ ಸಕ್ಕರೆ ಕಾಯಿಲೆ ಗೊತ್ತಾದ ವರ್ಷ ನಾನೇ ಅವನನ್ನು ದಾವಣಗೆರೆಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಚೀಟಿ ಮೇಲೆ ಪೆನ್ನಿಟ್ಟು, "ದಿನಕ್ಕೆ ಎಷ್ಟು ಸಲ ಊಟ ಮಾಡ್ತೀರಿ ಯಜಮಾನ್ರೇ?" ಅಂತ ಕೇಳಿದರು.

"ಎಲ್ಡು ಹೊತ್ತು ಸಾರ್."

"ಬೆಳಿಗ್ಗೆ ಏನೂ ತಿನ್ನಲ್ವಾ?"

"ತಿಂತೀನಲ್ಲ! ಎದ್ದ ಕೂಡ್ಲೆ ಟೀ, ಎಲ್ಡು ಟೋಸ್ಟು. ಒಂಬತ್ತಕ್ಕೆ ದೋಸೆನೋ ಪಡ್ಡೋ ಉಪ್ಪಿಟ್ಟೋ. ಸಂಜಿಗೆ ಒಂದೀಟು ಮಿರ್ಚಿ ಮಂಡಕ್ಕಿ. ಅವೇನು ಊಟ ಆಗ್ತಾವಾ ಸಾರ್?"

ಡಾಕ್ಟರು ಬೆರಳು ಮಡಚಿ ಎಣಿಸಿದರು, ಐದಾಯಿತು. ಮಾವ ಎರಡಕ್ಕೇ ನಿಂತಿದ್ದ. ಅವನು ಸುಳ್ಳು ಹೇಳಲಿಲ್ಲ ಅನ್ನುವುದು ಡಾಕ್ಟರಿಗೂ ಗೊತ್ತಿತ್ತು. ಅವರು ಬಾಯಿಗೆ ಹೋದದ್ದನ್ನು ಎಣಿಸುತ್ತಿದ್ದರು, ಮಾವ ಊಟವನ್ನು ಎಣಿಸುತ್ತಿದ್ದ. ಯಾವುದು ಊಟ, ಯಾವುದಲ್ಲ, ದಿನಕ್ಕೆ ಎಷ್ಟು, ಎಷ್ಟು ಹೊತ್ತಿಗೆ, ಯಾರ ಜೊತೆ ಎಂಬುದನ್ನು ಹೊಟ್ಟೆ ಒಂದೇ ತೀರ್ಮಾನಿಸುವುದಿಲ್ಲ. ನೆಲ, ದುಡಿಮೆ, ದೀಪದ ಎಣ್ಣೆ, ದೇವರು, ಕಾರ್ಖಾನೆಯ ಕೂಗು ಎಲ್ಲ ಸೇರಿ ತೀರ್ಮಾನಿಸುತ್ತವೆ. ಆ ಲೆಕ್ಕ ಊರೂರಿಗೆ ಹೇಗೆ ಬದಲಾಗುತ್ತದೆ ಎಂದು ನೋಡುತ್ತ ಹೋದರೆ, "ಮೂರು ಹೊತ್ತಿನ ಊಟ" ಅನ್ನುವುದು ನಾವು ಅಂದುಕೊಂಡಷ್ಟು ಹಳೆಯದೂ ಅಲ್ಲ ಎಂದು ಗೊತ್ತಾಗುತ್ತದೆ.

ಉಣ್ಣುವುದು, ತಿನ್ನುವುದು, ಬಾಯಾಡಿಸುವುದು

ಕನ್ನಡದಲ್ಲಿ ಉಣ್ಣುವುದು ಬೇರೆ, ತಿನ್ನುವುದು ಬೇರೆ. ಊಟ ಬಂದದ್ದು ಉಣ್ಣುವುದರಿಂದ, ತಿಂಡಿ ಬಂದದ್ದು ತಿನ್ನುವುದರಿಂದ. ಕರು ಹಾಲುಣ್ಣುತ್ತದೆ, ಹುಲ್ಲು ತಿನ್ನುತ್ತದೆ. ಇವೆರಡನ್ನು ಅದಲುಬದಲು ಮಾಡಿ ಹೇಳಿದರೆ ಹಳ್ಳಿ ಹುಡುಗರು ನಗುತ್ತಾರೆ. ಇವೆರಡರ ಆಚೆ ಬಾಯಾಡಿಸುವುದು ಅಂತ ಮೂರನೆಯದೊಂದಿದೆ. ಅದು ಲೆಕ್ಕಕ್ಕೇ ಇಲ್ಲ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಎರಡು ದೋಸೆ, ಮೇಲೊಂದು ಖಾಲಿ ದೋಸೆ ಮುಗಿಸಿ, ಬೆರಳಿಗಂಟಿದ ಬೆಣ್ಣೆ ಒರೆಸಿಕೊಳ್ಳುತ್ತ ಹೊರಗೆ ಬಂದವನನ್ನು "ಊಟ ಆತಾ?" ಅಂತ ಕೇಳಿ ನೋಡಿ. "ಇಲ್ಲ, ಈಗ ತಿಂಡಿ ಆತು" ಅನ್ನುತ್ತಾನೆ. ಊಟ ಅನ್ನಿಸಿಕೊಳ್ಳಬೇಕಾದರೆ ತಟ್ಟೆಯಲ್ಲಿ ಮುದ್ದೆಯೋ ರೊಟ್ಟಿಯೋ ಅನ್ನವೋ ಇರಬೇಕು.

ಈ ಹಟ ನಮ್ಮೊಬ್ಬರದೇ ಅಲ್ಲ. ಜಪಾನಿನಲ್ಲಿ 'ಗೋಹಾನ್' ಅಂದರೆ ಬೇಯಿಸಿದ ಅನ್ನ, ಊಟ ಅಂದರೂ ಗೋಹಾನೇ. ಬೆಳಗಿನ ಊಟ 'ಅಸಾಗೋಹಾನ್', ರಾತ್ರಿಯದು 'ಬಾನ್‌ಗೋಹಾನ್'. ಹಾಗಾಗಿ ಬ್ರೆಡ್ಡು ತಿಂದರೂ ಹೆಸರಿನಲ್ಲಿ ಅನ್ನ ಇದ್ದೇ ಇರುತ್ತದೆ. ಥಾಯ್ಲೆಂಡಿನವರು ಊಟ ಮಾಡುವುದಕ್ಕೆ 'ಕಿನ್ ಖಾವ್' ಅನ್ನುತ್ತಾರೆ, ಅಕ್ಷರಶಃ ಅನ್ನ ತಿನ್ನು ಎಂದು. ಬಂಗಾಳಿಗಳು "ಭಾತ್ ಆಯಿತಾ?" ಎಂದೇ ಕೇಳುವುದು. ಕೊರಿಯಾದಲ್ಲೂ ಪರಿಚಯದವರು ಎದುರಾದಾಗ "ಅನ್ನ ಉಂಡಿರಾ?" ಎಂದು ಕೇಳುವ ರೂಢಿಯಿದೆ. ನಮ್ಮ "ಊಟ ಆತಾ?" ಹೇಗೋ ಹಾಗೆ, ಅದೂ ಕ್ಷೇಮ ಸಮಾಚಾರ. ಉತ್ತರ "ಇಲ್ಲ" ಎಂದಾದರೆ ಬಡಿಸಲೇಬೇಕು ಎಂದೇನಿಲ್ಲ. ಅತ್ತ ಇಂಗ್ಲಿಷಿನವರ 'ಕಂಪನಿ'ಯ ಬೇರು ಲ್ಯಾಟಿನ್ನಿನಲ್ಲಿದೆ: ಜೊತೆಗೆ ಬ್ರೆಡ್ಡು ತಿನ್ನುವವರು. ಷೇರು ಮಾರುಕಟ್ಟೆಯ ಕಂಪನಿಗಳೆಲ್ಲ ಮೂಲದಲ್ಲಿ ಒಂದೇ ಪಂಕ್ತಿಯವರು ಅಂದಂತಾಯಿತು.

ಇನ್ನು 'ಹೊತ್ತು'. ಹೊತ್ತು ಮೂಡುವುದು, ಹೊತ್ತು ಮುಳುಗುವುದು ಅಂದರೆ ಸೂರ್ಯ. ಹೊತ್ತಾಯಿತು ಅಂದರೆ ಸಮಯ. ಎರಡು ಹೊತ್ತು ಅಂದರೆ ಎರಡು ಊಟ. ಸೂರ್ಯ, ಸಮಯ, ಊಟ ಮೂರಕ್ಕೂ ನಮ್ಮಲ್ಲಿ ಒಂದೇ ಪದ. ಜಪಾನಿನಲ್ಲಿ ಮಧ್ಯಾಹ್ನದ ಮೇಲೆ ತಿನ್ನುವ ಕುರುಕಲಿಗೆ 'ಓಯಾತ್ಸು' ಎಂದು ಹೆಸರು. ಹಳೆಯ ಜಪಾನಿ ಗಡಿಯಾರದ 'ಎಂಟನೆಯ ಹೊತ್ತು', ಅಂದರೆ ಈಗಿನ ಎರಡು ಮೂರು ಗಂಟೆ, ಅದರಿಂದ ಬಂದ ಮಾತು. ಹೊತ್ತು ತಿಂಡಿಯಾದದ್ದು ಅಲ್ಲೂ ಇದೆ.

ಈ ಪದದ ಮೇಲೆಯೇ ಕಟ್ಟಿದ ಗಾದೆಯೊಂದನ್ನು ಚಿಕ್ಕಂದಿನಿಂದ ಕೇಳಿದ್ದೇವೆ. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ, ನಾಲ್ಕು ಹೊತ್ತು ಉಂಡವನನ್ನು ಹೊತ್ಕೊಂಡು ಹೋಗಿ. ನಾವು ಇದನ್ನು ಆರೋಗ್ಯದ ಬುದ್ಧಿಮಾತು ಎಂದು ಓದುತ್ತೇವೆ. ಚರಿತ್ರೆ ಎಂದೂ ಓದಬಹುದು. ಗಾದೆ ಕಟ್ಟಿದವರ ಕಣ್ಣಲ್ಲಿ ಸುಖವಾಗಿರುವವನ ಊಟ ಎರಡು, ಮೂರನೆಯದು ಅತಿ. ಬೇರೆ ಕಡೆಗಳ ಸಂಗತಿಯೂ ಇದಕ್ಕೆ ಹತ್ತಿರವೇ. ಪ್ರಾಚೀನ ರೋಮಿನವರಿಗೆ ನಿಜವಾದ ಊಟ ಅಂದರೆ ಸಂಜೆಯ 'ಸೇನಾ' ಒಂದೇ, ಹಗಲಲ್ಲಿ ತಿಂದದ್ದೆಲ್ಲ ಹಸಿವಿಗೆ ಆಧಾರ. ಜಪಾನಿನಲ್ಲೂ ಬಹುಕಾಲ ಎರಡು ಹೊತ್ತಿನ ರೂಢಿಯಿದ್ದು, ಮೂರನೆಯದು ಎದೋ ಕಾಲದಲ್ಲಿ, ಅಂದರೆ ಹದಿನೇಳರಿಂದ ಹತ್ತೊಂಬತ್ತನೇ ಶತಮಾನದ ನಡುವೆ, ಸಾಮಾನ್ಯವಾಯಿತು. ದೀಪದ ಎಣ್ಣೆ ಜನರ ಕೈಗೆಟುಕಿ ರಾತ್ರಿ ಉದ್ದವಾದದ್ದೂ ಅದಕ್ಕೆ ಒಂದು ಕಾರಣ ಅನ್ನುತ್ತಾರೆ. ಎಚ್ಚರ ಹೆಚ್ಚಾದರೆ ಹಸಿವೂ ಹೆಚ್ಚುತ್ತದೆ. ರಾತ್ರಿ ಒಂಬತ್ತೂವರೆಯ ಧಾರಾವಾಹಿ ಮುಗಿಯುವವರೆಗೆ ತಟ್ಟೆ ಹಾಕದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುದ್ದೆಯ ಗಡಿ

ನಮ್ಮ ತಾಯಿಯ ತವರು ಹಿರಿಯೂರಿನ ಕಡೆ, ತಂದೆಯದು ಹರಿಹರದ ಕಡೆ. ಹೀಗಾಗಿ ನಮ್ಮ ಮನೆಯಲ್ಲಿ ಒಂದು ಗಡಿ ಇದೆ, ಅದು ಅಡುಗೆಮನೆಯಲ್ಲಿದೆ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾಗಿ ಬೇರೆಯಾದಾಗ ಕಾಗದದ ಮೇಲೆ ಗೆರೆ ಎಳೆದರು. ಅದಕ್ಕೂ ಎಷ್ಟೋ ಮೊದಲಿಂದ ತಟ್ಟೆಯ ಮೇಲೊಂದು ಗೆರೆ ಇತ್ತು. ಚಿತ್ರದುರ್ಗ, ಹೊಸದುರ್ಗ, ಹಿರಿಯೂರಿನ ಕಡೆ ಹೋದಷ್ಟೂ ರಾಗಿ ಮುದ್ದೆ, ತುಂಗಭದ್ರೆ ದಾಟಿ ಬಡಗಲಿಗೆ ಹೋದಷ್ಟೂ ಜೋಳದ ರೊಟ್ಟಿ. ನಡುವೆ ದಾವಣಗೆರೆ, ಎರಡನ್ನೂ ಉಂಡು ಎರಡನ್ನೂ ಬೈಯುವ ಊರು. 1960ರ ದಶಕದಲ್ಲಿ ಭದ್ರಾ ನಾಲೆಯ ನೀರು ಗದ್ದೆಗೆ ಬಂದ ಮೇಲೆ ಅನ್ನವೂ ಪಾಲು ಕೇಳಿತು. ಮೊದಲು ಹಬ್ಬಕ್ಕೆ ಬರುತ್ತಿದ್ದ ಅನ್ನ ದಿನವೂ ಬಂತು. ಪಡಿತರದ ಅಕ್ಕಿ ಅದನ್ನು ನಾಲೆಯ ನೀರು ಕಾಣದ ಚಳ್ಳಕೆರೆ, ಮೊಳಕಾಲ್ಮೂರಿಗೂ ಮುಟ್ಟಿಸಿತು.

ಅಜ್ಜಿ ಮುದ್ದೆ ತಿರುವುವುದನ್ನು ನೋಡುತ್ತ ಕೂರುವುದು ನನ್ನ ರಜೆಯ ಕೆಲಸವಾಗಿತ್ತು. ಎಸರು ಕುದಿಬಂದ ಮೇಲೆ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯುವಳು, ಕಲಕುವಂತಿಲ್ಲ. ಗುಡ್ಡೆಯ ನೆತ್ತಿಗೆ ಕೋಲು ತೂರಿಸಿ ಒಂದು ತೂತು ಮಾಡಿದರೆ ಕುದಿ ಅಲ್ಲಿಂದ ಉಕ್ಕಿ ಹಿಟ್ಟಿನ ಮೇಲೆ ಹರಿಯುತ್ತಿತ್ತು. ಹಸಿ ವಾಸನೆ ಹೋಗಿ ಘಮ್ಮೆನ್ನುವ ತನಕ ಕಾದು, ಗಡಿಗೆಯನ್ನು ಕೆಳಗಿಳಿಸಿ, ಕವೆಗೋಲನ್ನು ಎರಡು ಪಾದದಿಂದ ಅದುಮಿ ಹಿಡಿದು, ಎರಡೂ ಕೈಯಲ್ಲಿ ಕೋಲು ತಿರುವುವಳು. ಆಮೇಲೆ ಕೈಗೆ ನೀರು ಸವರಿಕೊಂಡು ಸುಡುಸುಡು ಹಿಟ್ಟನ್ನು ಉಂಡೆ ಕಟ್ಟುವಳು. ಒಂದು ಗಂಟು ಉಳಿದಿದ್ದರೆ ತಾತ ಅದನ್ನು ತಟ್ಟೆಯ ಅಂಚಿಗೆ ಸರಿಸಿ ಇಡುತ್ತಿದ್ದ. ಮಾತೇನೂ ಆಡುತ್ತಿರಲಿಲ್ಲ. ಆ ಗಂಟು ಅಲ್ಲಿ ಕೂತಿರುವುದೇ ಸಾಕಾಗಿತ್ತು.

ಮುದ್ದೆ ಉಣ್ಣುವುದಕ್ಕೆ ಒಂದೇ ನಿಯಮ: ಅಗಿಯಬಾರದು. ಮುರಿ, ಸಾರಿನಲ್ಲಿ ಅದ್ದು, ನುಂಗು. ಅಗಿದರೆ ಹಲ್ಲಿಗೆ ಮೆತ್ತಿಕೊಂಡು ಮುಖ ನೋಡುವಂತಿರುತ್ತದೆ. ರೊಟ್ಟಿ ಕಡೆಯ ನನ್ನ ತಂದೆಗೆ ಈ ವಿದ್ಯೆ ಇವತ್ತಿಗೂ ಪೂರ್ತಿ ಒಲಿದಿಲ್ಲ. ಈ ನಿಯಮವನ್ನು ಜಗತ್ತಿನಲ್ಲಿ ನಾವು ಮಾತ್ರ ಪಾಲಿಸುತ್ತೇವೆ ಎಂದುಕೊಂಡಿದ್ದೆ. ಘಾನಾ ದೇಶದಲ್ಲಿ ಗೆಣಸಿನ ಜಾತಿಯ ಗಡ್ಡೆಗಳನ್ನು ಬೇಯಿಸಿ ಒರಳಲ್ಲಿ ಕುಟ್ಟಿ ಮಾಡುವ 'ಫೂಫೂ' ಇದೆ. ಅದನ್ನೂ ಬೆರಳಲ್ಲಿ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುತ್ತಾರೆ. ಕೆನ್ಯಾ, ತಾಂಜಾನಿಯಾಗಳ 'ಉಗಾಲಿ' ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ತುತ್ತಿಗೆ ಹೆಬ್ಬೆರಳಿನಿಂದ ಗುಳಿ ಮಾಡಿ ಅದರಲ್ಲೇ ಸೊಪ್ಪಿನ ಪಲ್ಯ ಎತ್ತಿಕೊಳ್ಳುತ್ತಾರೆ. ದಾವಣಗೆರೆ ಸುತ್ತ ಮೆಕ್ಕೆಜೋಳ ಬೆಳೆಯುವ ನಾವು ಅದನ್ನು ಕೋಳಿಗಳಿಗೆ ಬಿಟ್ಟುಕೊಟ್ಟಿದ್ದೇವೆ, ಅವರು ಊಟ ಮಾಡಿಕೊಂಡಿದ್ದಾರೆ. ಉಗಾಂಡದಲ್ಲಿ ಇವತ್ತಿಗೂ ರಾಗಿಯದೇ ಮುದ್ದೆ ಉಂಟು, 'ಕಾಲೋ' ಎಂದು ಹೆಸರು.

ಅದರಲ್ಲಿ ಆಶ್ಚರ್ಯವಿಲ್ಲ. ರಾಗಿಯ ತವರೇ ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಇಥಿಯೋಪಿಯಾ, ಉಗಾಂಡದ ಕಡೆ ಬೆಳೆಗೆ ಒಗ್ಗಿಸಿದ ಈ ಕಾಳು ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಇಲ್ಲಿಗೆ ಬಂತು. ಹಿರಿಯೂರಿನ ಮುದ್ದೆಗೂ ಉಗಾಂಡದ ಕಾಲೋಗೂ ಹೋಲಿಕೆ ಇರುವುದು ಕಾಕತಾಳೀಯವಲ್ಲ, ಒಂದೇ ಕಾಳು, ಒಂದೇ ಬಗೆಯ ಬಿಸಿಲು. ಅದೇ ಇಥಿಯೋಪಿಯಾದಲ್ಲಿ ರಾಗಿಗಿಂತಲೂ ಸಣ್ಣದಾದ 'ಟೆಫ್' ಎಂಬ ಕಾಳಿನ ಹಿಟ್ಟನ್ನು ಎರಡು ಮೂರು ದಿನ ಹುಳಿಬರಿಸಿ, ಅಗಲವಾದ ಕಾವಲಿಯ ಮೇಲೆ ಹುಯ್ದು, ಒಂದೇ ಮಗ್ಗುಲು ಬೇಯಿಸುತ್ತಾರೆ. ಇದು 'ಇಂಜೆರಾ'. ಮೇಲೆಲ್ಲ ಕಣ್ಣು ಕಣ್ಣು ಎದ್ದಿದ್ದರೆ ಚೆನ್ನಾಗಿ ಬಂದಿದೆ ಎಂದು ಅರ್ಥ. ಆ ತೂತುಗಳಿಗೆ ಅವರೂ ಕಣ್ಣು ಎಂದೇ ಅನ್ನುತ್ತಾರೆ. ದೋಸೆ ಹುಯ್ಯುವವರಿಗೆ ಇದನ್ನು ಹೇಳಿದರೆ ತಲೆದೂಗುತ್ತಾರೆ. ಆದರೆ ಇಂಜೆರಾ ಅಲ್ಲಿ ತಿಂಡಿಯಲ್ಲ, ಊಟ. ಹಿಟ್ಟು ಹುಳಿಬರಿಸಿ ಕಾವಲಿಗೆ ಹುಯ್ದದ್ದು ಒಂದು ನಾಡಿನಲ್ಲಿ ಊಟದ ಹೊರಗೆ, ಇನ್ನೊಂದರಲ್ಲಿ ಊಟದ ತಳಪಾಯ!

ಬೆಳಗಿನ ತಿಂಡಿಯ ಹೆಸರಲ್ಲಿ ಅಡಗಿದ ಉಪವಾಸ

ನಮ್ಮ ಕಡೆ ತಿಂಡಿಗೆ ನಾಷ್ಟ ಅನ್ನುವವರೂ ಬಹಳ. ಅದು ಫಾರಸಿಯಿಂದ ಬಂದ ಪದ. ಇರಾನಿನಲ್ಲಿ ಇವತ್ತಿಗೂ 'ನಾಷ್ತಾ' ಅಂದರೆ ಏನೂ ತಿನ್ನದಿರುವ ಸ್ಥಿತಿ. ಅಲ್ಲಿನ ಲ್ಯಾಬಿನವರು ರಕ್ತ ಪರೀಕ್ಷೆಗೆ ನಾಷ್ತಾ ಬನ್ನಿ ಅಂದರೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು. ಖಾಲಿ ಹೊಟ್ಟೆಗೆ ಹಾಕುವ ಮೊದಲ ತುತ್ತಿಗೆ ಆ ಹೆಸರು ಅಂಟಿಕೊಂಡು, ನಮ್ಮಲ್ಲಿ ಅರ್ಥವೇ ತಿರುಗಿ ನಿಂತಿತು. ಇಂಗ್ಲಿಷಿನ ಬ್ರೇಕ್‌ಫಾಸ್ಟ್ ಕೂಡ ಉಪವಾಸ ಮುರಿಯುವುದೇ, ಸ್ಪ್ಯಾನಿಷಿನ 'ದೆಸಾಯುನೋ' ಕೂಡ. ಏಕಾದಶಿಯ ಮರುದಿನದ ನಮ್ಮ ಪಾರಣೆ ಅನ್ನಿ. ತಮಾಷೆ ಏನೆಂದರೆ ಇಂಗ್ಲಿಷಿನ ಡಿನ್ನರ್ ಕೂಡ ಅದೇ ಬೇರಿನದು. ಉಪವಾಸ ಮುರಿ ಎಂಬರ್ಥದ ಹಳೆಯ ಲ್ಯಾಟಿನ್ ಪದ ಫ್ರೆಂಚಿನ ಮೂಲಕ ಬರುತ್ತ ಬರುತ್ತ ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಜರುಗಿತು. ಫ್ರೆಂಚರ 'ದೆಜೂನೆ'ಯೂ ಹಾಗೇ ಮಧ್ಯಾಹ್ನಕ್ಕೆ ಹೋಗಿ ಕೂತಾಗ, ಬೆಳಗಿಗೆ ಹೆಸರಿಲ್ಲದೆ 'ಪುಟ್ಟ ದೆಜೂನೆ' ಎಂದು ಇನ್ನೊಂದನ್ನು ಹುಟ್ಟಿಸಬೇಕಾಯಿತು. ತುರ್ಕಿಯವರದು ಬೇರೆ ದಾರಿ: ಅವರ ಬೆಳಗಿನ ತಿಂಡಿಗೆ 'ಕಾಹ್ವಲ್ತಿ' ಎಂದು ಹೆಸರು, ಕಾಫಿಗೆ ಮುಂಚಿನದು ಅಂತ. ಕಾಫಿ ಮುಖ್ಯ, ತಿಂಡಿ ಅದಕ್ಕೆ ಪೀಠಿಕೆ.

ಹೆಸರುಗಳು ಹೀಗೆ ಜರುಗಿದ್ದು ಯಾಕೆ? ದುಡಿಮೆ ಜರುಗಿತು, ಅದಕ್ಕೇ. ಹೊಲದಲ್ಲಿ ದುಡಿಯುವವನ ದಿನ ಬೇರೆ. ನಸುಕಿನಲ್ಲಿ ಅಂಬಲಿಯೋ ತಂಗಳು ಮುದ್ದೆಯೋ ಹೊಟ್ಟೆಗೆ ಹಾಕಿಕೊಂಡು ಹೋದರೆ, ಬಿಸಿಲೇರಿದಾಗ ಬುತ್ತಿ ಬಿಚ್ಚಬೇಕು, ಹೊತ್ತು ಮುಳುಗಿದ ಮೇಲೆ ಬಿಸಿ ಊಟ. ಉಪ್ಪಿಟ್ಟು, ಅವಲಕ್ಕಿ, ದೋಸೆ ಎಂದು ದಿನಕ್ಕೊಂದು ತಿಂಡಿ ಮಾಡುವುದು ಅಜ್ಜಿಯ ಅಡುಗೆಮನೆಯಲ್ಲಿ ಇರಲೇ ಇಲ್ಲ. ಉಳಿದದ್ದನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿಕೊಂಡರೆ ಆಯಿತು. ದೋಸೆ ಹಬ್ಬಕ್ಕೆ, ನೆಂಟರಿಗೆ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಊರಿನ ಹಸಿವನ್ನು ನಡೆಸುತ್ತಿದ್ದದ್ದು ಹತ್ತಿ ಮಿಲ್ಲುಗಳ ಕೂಗು. ನಮ್ಮ ತಂದೆಯ ಚಿಕ್ಕಪ್ಪ ಒಂದು ಮಿಲ್ಲಿನಲ್ಲಿ ಪಾಳಿ ಮಾಡುತ್ತಿದ್ದರು. ಅವರು ಉಣ್ಣುತ್ತಿದ್ದದ್ದು ಹಸಿವಾದಾಗಲ್ಲ, ಕೂಗಾದಾಗ. ಮಿಲ್ಲು ಮುಚ್ಚಿ ಎಷ್ಟೋ ವರ್ಷದ ಮೇಲೂ ಅದೇ ನಿಮಿಷಕ್ಕೆ ಬಂದು ಮಣೆಯ ಮೇಲೆ ಕೂರುತ್ತಿದ್ದರು, ಬಡಿಸುವುದು ತಡವಾದರೆ ಸಿಟ್ಟು. ಹೊಲದ ಬುತ್ತಿ ಮರದ ನೆರಳಿಗೆ ಹೋಗುತ್ತಿತ್ತು. ಮಿಲ್ಲಿನವನಿಗೆ ಪಾಳಿ ಶುರುವಾಗುವ ಮುಂಚೆ, ನಿಂತಲ್ಲೇ, ಬೇಗ, ಹೊಟ್ಟೆ ತುಂಬುವಂಥದ್ದು ಬೇಕು. ಅಂಥ ಊರಿನಲ್ಲಿ ಬೆಳಗಿನ ಹೋಟೆಲು ಹಬ್ಬಿತು ಅನ್ನುವುದು ಸಹಜ. ಬೆಣ್ಣೆ ದೋಸೆಯ ಹೆಸರು ಮೆರೆದದ್ದಕ್ಕೆ ಬೆಣ್ಣೆ ಎಷ್ಟು ಕಾರಣವೋ ಬೆಳಗಿನ ಆತುರವೂ ಅಷ್ಟೇ ಕಾರಣ ಎಂದು ನನ್ನ ಗುಮಾನಿ. ಮೂಲ ಮ್ಯಾಂಚೆಸ್ಟರಿನಲ್ಲೂ ಇದೇ ಆಯಿತು: ಇಂಗ್ಲೆಂಡಿನಲ್ಲಿ ಮಧ್ಯಾಹ್ನವಿದ್ದ ದೊಡ್ಡ ಊಟ ಕಾರ್ಖಾನೆ, ಕಚೇರಿಗಳ ಕಾಲದಲ್ಲಿ ಸಂಜೆಗೆ ಸರಿಯಿತು. ಉತ್ತರ ಇಂಗ್ಲೆಂಡಿನ ದುಡಿಯುವ ಮನೆಗಳಲ್ಲಿ ಇವತ್ತಿಗೂ ಮಧ್ಯಾಹ್ನದ್ದು ಡಿನ್ನರ್, ಸಂಜೆಯ ಬಿಸಿ ಊಟಕ್ಕೆ 'ಟೀ' ಎಂದೇ ಹೆಸರು. ಟೀಗೆ ಬಾ ಎಂದು ಕರೆದವರ ಮನೆಗೆ ಉಂಡು ಹೋದರೆ ಫಜೀತಿ.

ಅಮೆರಿಕದಲ್ಲಿ ಬೆಳಗಿನ ತಿಂಡಿಯನ್ನು ಕಂಪನಿಗಳೇ ರೂಪಿಸಿದವು. ಕಾರ್ನ್‌ಫ್ಲೇಕ್ಸ್ ಮಾದರಿಯ ಅವಲಕ್ಕಿ 1890ರ ದಶಕದಲ್ಲಿ ಮಿಷಿಗನ್ನಿನ ಬ್ಯಾಟಲ್ ಕ್ರೀಕ್ ಎಂಬಲ್ಲಿನ ಆರೋಗ್ಯಧಾಮದಲ್ಲಿ, ಕೆಲಾಗ್ ಸೋದರರ ಕೈಯಲ್ಲಿ, ರೋಗಿಗಳ ಪಥ್ಯವಾಗಿ ಹುಟ್ಟಿತು. ರೋಗಿಯ ಗಂಜಿ ಆರೋಗ್ಯವಂತನ ಬಟ್ಟಲಿಗೆ ಬಂದದ್ದು ಜಾಹೀರಾತಿನಿಂದ. ನಮ್ಮ ಟೀ ಕಥೆಯೂ ಇಂಥದ್ದೇ. ಹಿಂದಿನಿಂದ ಕುಡಿಯುತ್ತಿದ್ದೆವು ಅನ್ನುವಂತಿದೆ ಈಗ, ಆದರೆ 1903ರಲ್ಲಿ ಚಹಾ ಮೇಲೆ ವಿಶೇಷ ಕರ ಹಾಕಿ, ಆ ದುಡ್ಡಿನಲ್ಲಿ ಪ್ರಚಾರ ಮಾಡಿ, ಗಿರಣಿ, ಗಣಿ, ರೈಲ್ವೆ ನಿಲ್ದಾಣಗಳಲ್ಲಿ ಟೀ ಅಂಗಡಿ ಇಡಿಸಿ ಭಾರತೀಯರಿಗೆ ಟೀ ಕಲಿಸಿದರು. ಮಾವನ ಬೆಳಗಿನ ಟೀ-ಟೋಸ್ಟು ಅವನ ತಾತನಿಗೆ ಗೊತ್ತಿರಲಿಲ್ಲ.

ಗಡಿಯಾರದ ಮಾತು ಬಂದಿದ್ದಕ್ಕೆ ಸ್ಪೇನ್ ನೆನಪಾಯಿತು. ಅಲ್ಲಿ ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿಯದು ಒಂಬತ್ತು, ಹತ್ತಕ್ಕೆ. ಸೋಮಾರಿಗಳು ಎಂದು ಬೇರೆಯವರು ಆಡಿಕೊಳ್ಳುವುದುಂಟು. ಆದರೆ ಭೂಪಟದಲ್ಲಿ ಸ್ಪೇನ್ ಇರುವುದು ಇಂಗ್ಲೆಂಡಿನ ನೇರಕ್ಕೆ. 1940ರಲ್ಲಿ ಅಲ್ಲಿನ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಜರ್ಮನಿಯ ಸಮಯಕ್ಕೆ ಸೇರಿಸಿತು, ಮತ್ತೆ ಹಿಂದಕ್ಕೆ ತಿರುಗಿಸಲೇ ಇಲ್ಲ. ಗಡಿಯಾರ ಎರಡು ಗಂಟೆ ಅಂದಾಗ ಚಳಿಗಾಲದ ಸೂರ್ಯ ಅಲ್ಲಿ ಇನ್ನೂ ಒಂದರ ಆಸುಪಾಸಿನಲ್ಲಿರುತ್ತಾನೆ. ಹೊಟ್ಟೆ ಸೂರ್ಯನನ್ನೇ ನಂಬಿಕೊಂಡಿದೆ. ನಮ್ಮಲ್ಲೂ ಸಣ್ಣ ಪ್ರಮಾಣದಲ್ಲಿ ಹೀಗೇ. ಭಾರತದ ಗಡಿಯಾರ ಇರುವುದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿಯ ರೇಖೆಗೆ, ದಾವಣಗೆರೆ ಅದಕ್ಕಿಂತ ಪಡುವಲಿಗೆ. ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ ಹನ್ನೆರಡೂವರೆಯ ಸುಮಾರಿಗೆ. ಅಸ್ಸಾಮಿನ ಚಹಾ ತೋಟಗಳಲ್ಲಿ ಬೇಗ ಬೆಳಗಾಗುತ್ತದೆ ಎಂದು ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟು 'ತೋಟದ ಟೈಮು' ನಡೆಸುವ ರೂಢಿ ಬ್ರಿಟಿಷರ ಕಾಲದಿಂದ ಇದೆ. ಒಂದೇ ದೇಶ, ಎರಡು ಮಧ್ಯಾಹ್ನ.

ಜರ್ಮನಿಯವರ ರಾತ್ರಿ ಊಟ ಮಾತ್ರ ನನಗೆ ಒಗ್ಗದ ಸಂಗತಿ. 'ಆಬೆಂಡ್‌ಬ್ರೋಟ್', ಅಂದರೆ ಸಂಜೆಯ ಬ್ರೆಡ್ಡು. ಬ್ರೆಡ್ಡು, ಚೀಸು, ತಣ್ಣಗಿನ ಮಾಂಸದ ಹೋಳು, ಉಪ್ಪಿನಲ್ಲಿಟ್ಟ ಸೌತೆ. ಬಿಸಿ ಊಟ ಮಧ್ಯಾಹ್ನವೇ ಆಗಿರುತ್ತದೆ, ಸಂಜೆ ಒಲೆ ಹಚ್ಚುವುದಿಲ್ಲ. ದಿನವಿಡೀ ತಂಗಳು ತಿಂದು ರಾತ್ರಿ ಬಿಸಿ ಉಣ್ಣುವ ನಮ್ಮ ಹೊಲದ ಲೆಕ್ಕಕ್ಕೆ ಇದು ಪೂರ್ತಿ ಉಲ್ಟಾ. ಅಡುಗೆ ಮಾಡುವವರ ಕಡೆಯಿಂದ ನೋಡಿದರೆ ಬಹುಶಃ ಅವರದೇ ಸರಿ.

ಐದು ಗಂಟೆಯ ಮಂಡಕ್ಕಿ

ಸಂಜೆ ಐದಾದರೆ ದಾವಣಗೆರೆಯ ಮೂಲೆಮೂಲೆಯಲ್ಲೂ ಎಣ್ಣೆ ಕಾಯುತ್ತದೆ. ಉಪ್ಪು ಹಿಡಿಸಿ ಒಣಗಿಸಿದ ಅಕ್ಕಿಯನ್ನು ಭಟ್ಟಿಯ ಕಾದ ಮರಳಿನಲ್ಲಿ ಹುರಿದರೆ ಅರಳುವುದು ಮಂಡಕ್ಕಿ. ಅದಕ್ಕೆ ಈರುಳ್ಳಿ, ಹುರಿಗಡಲೆ ಪುಡಿ, ಕೊತ್ತಂಬರಿ, ಪಕ್ಕದಲ್ಲೊಂದು ಮಿರ್ಚಿ. ಕೊಲ್ಕತ್ತಾದಲ್ಲೂ ಸಂಜೆಯ ಮಳೆಗೆ ಇದನ್ನೇ ತಿನ್ನುತ್ತಾರೆ, ಮಂಡಕ್ಕಿಗೆ 'ಮುಡಿ' ಎಂದೂ ಬಜ್ಜಿ ಬೋಂಡಾಗಳಿಗೆ 'ತೇಲೇಭಾಜಾ' ಎಂದೂ ಅಂದುಕೊಂಡು. ಫ್ರಾನ್ಸಿನಲ್ಲಿ ಶಾಲೆ ಬಿಟ್ಟ ಮಕ್ಕಳಿಗೆ ನಾಲ್ಕೂವರೆಯ ಹೊತ್ತಿಗೆ 'ಗೂತೆ' ಇದೆ. ಸ್ಪೇನಿನ 'ಮೆರಿಯೆಂದಾ' ಅವರ ಆಳ್ವಿಕೆಯ ಜೊತೆ ಫಿಲಿಪ್ಪೀನ್ಸಿಗೆ ಹೋಗಿ, ಅಲ್ಲಿ ದಿನಕ್ಕೆ ಎರಡು ಸಲವಾಯಿತು. ಇವೆಲ್ಲಕ್ಕೂ ಒಂದು ಸಮಾನ ಗುಣವಿದೆ: ಯಾರೂ ಇವನ್ನು ಊಟವೆಂದು ಒಪ್ಪುವುದಿಲ್ಲ, ಬಿಡುವುದೂ ಇಲ್ಲ.

ಉಣ್ಣದಿರುವುದಕ್ಕೂ ಹೊತ್ತಿದೆ

ಸೋಮವಾರ ನಮ್ಮ ಓಣಿಯ ಅರ್ಧ ಮನೆಗಳಲ್ಲಿ ಒಪ್ಪೊತ್ತು. ಒಂದು ಹೊತ್ತು ಮಾತ್ರ ಊಟ, ಇನ್ನೊಂದು ಹೊತ್ತು ಫಲಾಹಾರ. (ಫಲಾಹಾರ ಅಂದರೆ ಅವಲಕ್ಕಿ, ಉಪ್ಪಿಟ್ಟು. ಹಣ್ಣನ್ನು ಯಾರೂ ಕೇಳುವುದಿಲ್ಲ. ತಿಂಡಿ ಊಟವಲ್ಲ ಅನ್ನುವ ನಿಯಮ ಇಲ್ಲಿ ಒಳ್ಳೆಯ ಉಪಯೋಗಕ್ಕೆ ಬರುತ್ತದೆ.) ಜೈನರ ಮನೆಗಳಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು, ಕತ್ತಲಲ್ಲಿ ಹುಳಹುಪ್ಪಟೆಗೆ ಹಿಂಸೆಯಾದೀತೆಂದು. ಶ್ರೀಲಂಕಾ, ಥಾಯ್ಲೆಂಡ್, ಮ್ಯಾನ್ಮಾರಿನ ಬೌದ್ಧ ಭಿಕ್ಷುಗಳಿಗೆ ನಡುಹಗಲು ದಾಟಿದ ಮೇಲೆ ಗಟ್ಟಿ ಆಹಾರವೇ ಇಲ್ಲ. ರಂಜಾನಿನಲ್ಲಿ ಇದು ತಿರುಗುಮುರುಗು: ನಸುಕಿಗೆ ಮುಂಚೆ ಸಹರಿ, ಸೂರ್ಯ ಮುಳುಗಿದ ಮೇಲೆ ಖರ್ಜೂರ, ನೀರಿನೊಂದಿಗೆ ಇಫ್ತಾರ್. ಚಂದ್ರನ ವರ್ಷ ಹತ್ತು ಹನ್ನೊಂದು ದಿನ ಗಿಡ್ಡವಾದ್ದರಿಂದ ರಂಜಾನು ವರ್ಷ ವರ್ಷ ಹಿಂದೆ ಸರಿಯುತ್ತ, ಒಂದು ಕಾಲಕ್ಕೆ ಬೇಸಿಗೆಯ ಉದ್ದ ಹಗಲಿನಲ್ಲೂ ಇನ್ನೊಂದು ಕಾಲಕ್ಕೆ ಮಾಗಿಯ ಗಿಡ್ಡ ಹಗಲಿನಲ್ಲೂ ಬರುತ್ತದೆ. ನಮ್ಮಲ್ಲಿ ಆ ವ್ಯತ್ಯಾಸ ಒಂದೂವರೆ ಗಂಟೆಯ ಸುಮಾರು. ಯುರೋಪಿನ ತೀರ ಉತ್ತರದ ಕಡೆ ಬೇಸಿಗೆಯಲ್ಲಿ ಹಗಲೇ ಮುಗಿಯುವುದಿಲ್ಲ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧ ದಿನಗಳನ್ನು ಮಾಂಸ, ಹಾಲು, ಮೊಟ್ಟೆ ಬಿಟ್ಟು ಕಳೆಯುತ್ತಾರೆ. ಇಂಜೆರಾದ ಜೊತೆ ಬೇಳೆ, ಕಡಲೆಹಿಟ್ಟಿನ ಅಷ್ಟೊಂದು ಬಗೆಗಳು ಬೆಳೆದದ್ದು ಆ ವ್ರತಗಳ ಆಸರೆಯಲ್ಲಿ.

ಇದರ ಇನ್ನೊಂದು ತುದಿಗೆ ದಾವಣಗೆರೆಯ ದುಗ್ಗಮ್ಮನ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಆ ದಿನಗಳಲ್ಲಿ ಹೊತ್ತೆಂಬುದೇ ಇಲ್ಲ. ನೆಂಟರು ಬಂದಾಗಲೆಲ್ಲ ಬಾಡೂಟ, ಬರುತ್ತಲೇ ಇರುತ್ತಾರೆ.

ಯಾರ ಪಕ್ಕ, ಯಾರ ಮುಂಚೆ

ಊಟದ ಹೊತ್ತಿಗಿಂತ ಊಟದ ಸಾಲು ಹೆಚ್ಚು ಹೇಳುತ್ತದೆ. ಬಾಳೆ ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಬೇಕು. ಉಂಡಾದ ಮೇಲೆ ಶುಭದ ಮನೆಯಲ್ಲಿ ಎಲೆಯನ್ನು ನಮ್ಮ ಕಡೆಗೆ ಮಡಚಬೇಕು. ಸಾವಿನ ಮನೆಯಲ್ಲಿ ಆಚೆಗೆ. ಸಾವನ್ನು ಊಟದಿಂದ ದೂರವಿಡುವ ಈ ಹುಷಾರಿ ಜಪಾನಿನಲ್ಲೂ ಇದೆ. ಅನ್ನದ ಬಟ್ಟಲಿಗೆ ಕಡ್ಡಿಗಳನ್ನು ನೆಟ್ಟಗೆ ಸಿಕ್ಕಿಸಬಾರದು, ಹಾಗೆ ಇಡುವುದು ಸತ್ತವರ ಎಡೆಗೆ. ಕಡ್ಡಿಯಿಂದ ಕಡ್ಡಿಗೆ ತುತ್ತು ದಾಟಿಸಬಾರದು, ಸುಟ್ಟ ಮೇಲೆ ಮೂಳೆ ಆಯುವುದು ಹಾಗೆ. ಕೊರಿಯಾದಲ್ಲಿ ಹಿರಿಯರು ಚಮಚ ಎತ್ತುವವರೆಗೆ ಕಿರಿಯರು ಎತ್ತುವಂತಿಲ್ಲ. ನಮ್ಮ ಪಂಕ್ತಿಯಲ್ಲಿ ಹಿರಿಯರು ಏಳುವವರೆಗೆ ಕಿರಿಯರು ಏಳುವಂತಿಲ್ಲ. ಅವರದು ಶುರುವಿನ ಕಟ್ಟು, ನಮ್ಮದು ಮುಗಿಸುವ ಕಟ್ಟು.

ಇಥಿಯೋಪಿಯಾದಲ್ಲಿ ಒಂದೇ ದೊಡ್ಡ ತಟ್ಟೆ, ಸುತ್ತ ಎಲ್ಲರ ಕೈ. ಪ್ರೀತಿಯಿದ್ದವರ ಬಾಯಿಗೆ ತುತ್ತು ಇಡುವ 'ಗುರ್ಷಾ' ಅಲ್ಲಿ ಮರ್ಯಾದೆ, ತುತ್ತು ದೊಡ್ಡದಾದಷ್ಟೂ ಪ್ರೀತಿ ದೊಡ್ಡದು. ಎಂಜಲೆಂಬುದನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡ ನಮಗೆ ಇದನ್ನು ನೋಡಿದರೆ ಮೈ ಜುಂ ಅನ್ನುತ್ತದೆ, ಮದುವೆಯಲ್ಲಿ ಗಂಡು ಹೆಣ್ಣು ಪರಸ್ಪರ ತುತ್ತಿಡುವಾಗ ಮಾತ್ರ ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ. ಎಂಜಲಿನ ಹಿಂದೆ ಮಡಿ ಮಾತ್ರ ಇರಲಿಲ್ಲ, ಯಾರು ಯಾರ ಪಕ್ಕ ಕೂರಬಾರದು ಎಂಬ ಜಾತಿಯ ಗೋಡೆಯೂ ಇತ್ತು. ಆ ಗೋಡೆಯ ಎದುರು ಹನ್ನೆರಡನೇ ಶತಮಾನದ ಶರಣರು ಇಟ್ಟದ್ದು ದಾಸೋಹದ ಸಾಲು. ಸಿರಿಗೆರೆಯ ಮಠಕ್ಕೆ ತರಳಬಾಳು ಹುಣ್ಣಿಮೆಯ ಕಾಲದಲ್ಲಿ ಹೋದಾಗ ಕಂಡದ್ದು ಹೇಳುತ್ತೇನೆ: ಪಕ್ಕದಲ್ಲಿದ್ದ ಅಜ್ಜ ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ಉಂಡು, ಅದಕ್ಕೇ ಒಂದಿಷ್ಟು ನೀರು ಹಾಕಿ, ಬೆರಳಿಂದ ಸುತ್ತ ತೊಳೆದು, ಆ ನೀರನ್ನು ಕುಡಿದರು. ಅದು ಪ್ರಸಾದ, ಚೆಲ್ಲುವಂತಿಲ್ಲ. ನಾನು ಬಿಟ್ಟಿದ್ದ ಮೆಣಸಿನಕಾಯಿ, ಕರಿಬೇವನ್ನು ಒಮ್ಮೆ ನೋಡಿದರು, ಥೇಟ್ ನಮ್ಮ ತಾತ ಗಂಟನ್ನು ನೋಡಿದಂತೆ. ಕರ್ನಾಟಕದ ಶಾಲೆಗಳ ಬಿಸಿಯೂಟಕ್ಕೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟವರು ಆ ಸಾಲನ್ನೇ ನೆನೆದಿರಬೇಕು.

ಒಂದು ಸಾಲು ಮಾತ್ರ ಎಲ್ಲೂ ಬೇಗ ಬದಲಾಗಲಿಲ್ಲ. ಅಜ್ಜಿ ಎಂದೂ ತಾತನ ಜೊತೆ ಉಣ್ಣಲಿಲ್ಲ. ಗಂಡಸರು, ಮಕ್ಕಳು, ಆಳುಗಳು, ಆಮೇಲೆ ಅವಳು. ಮುದ್ದೆ ಉಳಿದರೆ ಮುದ್ದೆ, ಇಲ್ಲದಿದ್ದರೆ ಗಡಿಗೆಯ ತಳಕ್ಕಂಟಿದ ಸೀಕಲು, ಅದಕ್ಕೆ ಮಜ್ಜಿಗೆ. ಅದನ್ನು ನಾವು ಸಂಪ್ರದಾಯ ಅಂದೆವು. ಅವಳ ಊಟಕ್ಕೆ ಹೊತ್ತೇ ಇರಲಿಲ್ಲ, ಎಲ್ಲರ ಹೊತ್ತು ಮುಗಿದದ್ದೇ ಅವಳ ಹೊತ್ತು. "ಊಟ ಆತಾ?" ಎಂದು ಊರಿಗೆಲ್ಲ ಕೇಳುತ್ತಿದ್ದ ಮನೆಯಲ್ಲಿ ಅವಳನ್ನು ಕೇಳಿದವರನ್ನು ನಾನು ನೋಡಿದ ನೆನಪಿಲ್ಲ.

ಮಾವನ ಚೀಟಿಗೆ ಬರುತ್ತೇನೆ. ಡಾಕ್ಟರು ಮೂರು ಕಲಂ ಇರುವ ಅಚ್ಚಾದ ಹಾಳೆ ಕೊಟ್ಟರು: ಬೆಳಿಗ್ಗೆ ಎಂಟು, ಮಧ್ಯಾಹ್ನ ಒಂದು, ರಾತ್ರಿ ಎಂಟು. ಮುದ್ದೆ ಒಂದೇ, ಅನ್ನ ಒಂದು ಸೌಟು, ದೋಸೆಗೆ ಬೆಣ್ಣೆ ಬೇಡ. ಅತ್ತೆ ಅದನ್ನು ಫ್ರಿಡ್ಜಿನ ಬಾಗಿಲಿಗೆ ಅಂಟಿಸಿದಳು. ಮುಂದಿನ ವಾರ ಹೋದಾಗ ಮಾವ ಜಗಲಿಯ ಮೇಲೆ ಪೇಪರಿನ ತುಂಡಿನಲ್ಲಿ ಮಂಡಕ್ಕಿ ಹಿಡಿದು ಕೂತಿದ್ದ, ಪಕ್ಕದಲ್ಲಿ ಎರಡು ಮಿರ್ಚಿ. ನಾನು ಮುಖ ನೋಡಿದೆ.

"ನೋಡು, ಆ ಚೀಟಿನ ದಿನಾ ಓದ್ತೀನಿ," ಅಂದ. "ಎಂಟಕ್ಕೆ ಬರ್ದಾರೆ, ಒಂದಕ್ಕೆ ಬರ್ದಾರೆ, ರಾತ್ರಿ ಎಂಟಕ್ಕೆ ಬರ್ದಾರೆ. ಐದು ಗಂಟಿಗೆ ಬ್ಯಾಡ ಅಂತ ಎಲ್ಲಿ ಬರ್ದಾರೆ?"